ಶೀನ ಹೇಳಿದ ಸಾಕ್ಷಿ

ಕಾರ್ಕಳ ಪೇಟೆಯಿಂದ ನಾಲ್ಕು ಕಿಲೋಮೀಟರ್ ಆಚೆಗಿನ ಗ್ರಾನೈಟ್ ಫ್ಯಾಕ್ಟರಿಯಲ್ಲಿ ಶೀನ ಮೂವತ್ತೊಂದು ವರ್ಷ ಕಲ್ಲು ಕೊಯ್ದ. ಮೆಷಿನ್ ನಡೆಸುವವನಿಗೆ ಕಣ್ಣಿಗಿಂತ ಕಿವಿ ಮುಖ್ಯ. ಕಲ್ಲಿನ ಒಳಗೆ ಬಿರುಕಿದ್ದರೆ ಬ್ಲೇಡಿನ ಕೂಗು ಒಂದು ಎಳೆಯಷ್ಟು ತೆಳ್ಳಗಾಗುತ್ತದೆ. ಆ ಕ್ಷಣದಲ್ಲಿ ಮೆಷಿನ್ ನಿಲ್ಲಿಸದಿದ್ದರೆ ಕಲ್ಲೂ ಹೋಯಿತು, ಬ್ಲೇಡೂ ಹೋಯಿತು. ಶೀನನಷ್ಟು ಬೇಗ ಅದನ್ನು ಗುರುತಿಸುವವರು ಅಲ್ಲಿ ಯಾರೂ ಇರಲಿಲ್ಲ. ಕಿವಿಗೆ ಹಾಕುವ ಮುಚ್ಚಳ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಅದನ್ನು ಹಾಕಿಕೊಂಡರೆ ಕಲ್ಲಿನ ಮಾತು ಗೊತ್ತಾಗುವುದಿಲ್ಲವೆಂದು ಅವನು ಅದನ್ನು ಮುಟ್ಟಲಿಲ್ಲ. ಹಾಕಿಕೋ ಎಂದು ಯಾರೂ ಒತ್ತಾಯ ಮಾಡಲೂ ಇಲ್ಲ.

ಕಿವಿ ಹೋದದ್ದು ಯಾವ ವರ್ಷ ಎಂದು ಅವನಿಗೇ ಹೇಳಲು ಬರುವುದಿಲ್ಲ. ಮೊದಲು ಹಕ್ಕಿಗಳ ಸದ್ದು ಹೋಯಿತು, ಆಮೇಲೆ ಹೆಂಗಸರ ಮಾತು, ಆಮೇಲೆ ಗಂಡಸರದು. ಫ್ಯಾಕ್ಟರಿಯಲ್ಲಿ ಹೇಗೂ ಎಲ್ಲರೂ ಕೈಸನ್ನೆಯಲ್ಲೇ ಮಾತಾಡುವುದು, ಯಾರಿಗೂ ಗೊತ್ತಾಗಲಿಲ್ಲ. ಕಲ್ಲಿನ ಬಿರುಕನ್ನು ಆಗ ಅವನು ಮೆಷಿನಿನ ಕಬ್ಬಿಣಕ್ಕೆ ಅಂಗೈ ಒತ್ತಿ ಹಿಡಿದು ತಿಳಿದುಕೊಳ್ಳುತ್ತಿದ್ದ. ಮನೆಯಲ್ಲಿ ಎದುರಿನವರ ತುಟಿ ನೋಡುವುದು, ಎಲ್ಲರೂ ನಕ್ಕಾಗ ನಗುವುದು, ಉಳಿದದ್ದಕ್ಕೆ ತಲೆಯಾಡಿಸುವುದು ರೂಢಿಯಾಯಿತು. ಹೆಂಡತಿ ಕುಶಲಾ, ಬೀಡಿ ಕಟ್ಟುತ್ತ ಮನೆ ನಡೆಸಿದವಳು, ಗಂಡನಿಗೆ ಪ್ರಾಯ ಆಗುತ್ತ ಮಾತು ಕಮ್ಮಿಯಾಯಿತು ಅಂದುಕೊಂಡಳು. ಐವತ್ತೆಂಟಕ್ಕೆ ಕೆಲಸ ಬಿಟ್ಟ ಮೇಲೆ ಅವನು ಬೆಳಿಗ್ಗೆಯಿಂದ ಸಂಜೆಯವರೆಗೆ ಜಗಲಿಯಲ್ಲಿ ಕೂತಿರುತ್ತಿದ್ದ. ಬೇಸರವೆಂದು ಹೇಳುವ ಹಾಗೂ ಇರಲಿಲ್ಲ, ಸುಖವೆಂದು ಹೇಳುವ ಹಾಗೂ ಇರಲಿಲ್ಲ.

ಆ ಜಗಲಿಯಿಂದ ಫ್ಯಾಕ್ಟರಿಗೆ ಇನ್ನೂರು ಮೀಟರ್. ಅವನು ಕೆಲಸಕ್ಕೆ ಸೇರುವಾಗ ಸುತ್ತ ಬರೀ ಮುಳಿಹುಲ್ಲು ಬೆಳೆದ ಪದವು, ಬೋಳುಗುಡ್ಡ. ಆಮೇಲೆ ಐದೈದು ಸೆಂಟ್ಸಿನ ಸೈಟುಗಳಾದವು, ಒಂದೊಂದಾಗಿ ನಲವತ್ತು ಮನೆಗಳೆದ್ದವು. ಆಗ ಫ್ಯಾಕ್ಟರಿಯಲ್ಲಿದ್ದದ್ದು ಒಂದೇ ಬ್ಲೇಡಿನ ಹಳೆಯ ಮೆಷಿನ್, ಅದೂ ಸಂಜೆ ಆರಕ್ಕೆ ನಿಲ್ಲುತ್ತಿತ್ತು. ಜನರಿಗೆ ಅದೊಂದು ದೂರದ ಸದ್ದು, ಅಷ್ಟೆ. ಎಂಟು ವರ್ಷದ ಹಿಂದೆ ಹದಿನಾರು ಬ್ಲೇಡಿನ ದೊಡ್ಡ ಮೆಷಿನ್ ಬಂತು, ಎರಡು ಪಾಳಿ ಶುರುವಾಯಿತು. ಅಂದಿನಿಂದ ಅಲ್ಲಿನ ಮನೆಗಳಲ್ಲಿ ಕಿಟಕಿ ತೆರೆದದ್ದಿಲ್ಲ. ಮಕ್ಕಳು ಓದಲು ಅಜ್ಜಿಮನೆಗೆ ಹೋದರು. ಮಣಿಪಾಲದ ಆಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿ ಕೆಲಸ ಮಾಡುವ ಶೀನನ ಮಗಳು ವಿಜೇತಾ ದಿನವೂ ಬಸ್ಸಿನಲ್ಲೇ ನಿದ್ದೆ ಮುಗಿಸುತ್ತಿದ್ದಳು. ಶೀನನಿಗೆ ಮಾತ್ರ ಮೆಷಿನ್ ಶುರುವಾದದ್ದು ಜಗಲಿಯ ಕಾವಿ ನೆಲದ ಮೇಲಿಟ್ಟ ಅಂಗಾಲಿಗೆ ತಿಳಿಯುತ್ತಿತ್ತು. ಮೂರನೆಯ ಬ್ಲೇಡು ಸಡಿಲವಾಗಿದೆ, ಯಾರೂ ನೋಡಿದ ಹಾಗಿಲ್ಲ ಎಂದು ಕೂತಲ್ಲೇ ಯೋಚಿಸುತ್ತಿದ್ದ.

ದೂರು ಕೊಡಲು ಓಡಾಡಿದವರು ಪ್ಯಾಟ್ರಿಕ್. ಕುವೈತಿನಲ್ಲಿ ಇಪ್ಪತ್ತೆರಡು ವರ್ಷ ದುಡಿದು, ಊರಿಗೆ ಬಂದು ಶೀನನ ಮನೆಯ ಮೇಲಿನ ಸಾಲಿನಲ್ಲಿ ಮನೆ ಕಟ್ಟಿಸಿದವರು. ಕ್ರಿಶ್ಚಿಯನ್ನರನ್ನು ಕರೆಯುವ ತುಳುವರ ರೂಢಿಯಂತೆ ಶೀನ ಅವರನ್ನು ಪೊರ್ಬುಗಳೇ ಎಂದು ಕರೆಯುತ್ತಿದ್ದ. ಅವರ ಹೆಂಡತಿ ಕಾನ್ಸೆಪ್ಟಾ ಬಾಯಿಯವರಿಗೆ ರಕ್ತದೊತ್ತಡ. ನಿದ್ದೆಯಿಲ್ಲದೆ ಎರಡು ಸಲ ಬಿದ್ದಿದ್ದರು. ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಹೋಯಿತು, ಸದ್ದು ಅಳೆಯುವವರು ಬಂದರು. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಮೀಟರ್ ಇಟ್ಟು ಪ್ಯಾಟ್ರಿಕರ ಗೇಟಿನ ಹತ್ತಿರ ನೋಡಿದರೆ ಹಗಲಿಗೆ ಎಪ್ಪತ್ತೊಂದು ಡೆಸಿಬಲ್. ವಸತಿ ಪ್ರದೇಶಕ್ಕೆ ಹಗಲಿನ ಮಿತಿ ಐವತ್ತೈದು, ರಾತ್ರಿಯದು ನಲವತ್ತೈದು. ಆದರೆ ಕೈಗಾರಿಕಾ ಪ್ರದೇಶವಾದರೆ ಹಗಲು ಎಪ್ಪತ್ತೈದರವರೆಗೂ ಅಡ್ಡಿಯಿಲ್ಲ. ಫ್ಯಾಕ್ಟರಿಯವರು ಹಿಡಿದದ್ದು ಅದನ್ನೇ: ನಾವು ಮೊದಲು ಬಂದವರು, ಮನೆಗಳು ಆಮೇಲೆ ಬಂದವು, ಇದು ಕೈಗಾರಿಕೆಯ ಜಾಗ. ವಿಚಾರಣೆಗೆ ದಿನ ಗೊತ್ತಾಯಿತು. ದೊಡ್ಡ ಮೆಷಿನ್ ಬಂದದ್ದು ಮನೆಗಳಾದ ಮೇಲೆಯೇ ಎಂದು ಹೇಳುವ ಸಾಕ್ಷಿ ಬೇಕಾಯಿತು.

ಪ್ಯಾಟ್ರಿಕ್ ಒಂದು ಭಾನುವಾರ ಮಧ್ಯಾಹ್ನ ಬಂದರು. ಜಗಲಿಯ ಕಂಬಕ್ಕೆ ಒರಗಿ, ಫ್ಯಾಕ್ಟರಿಯ ಕಡೆ ಮುಖ ಮಾಡಿ ತುಂಬ ಹೊತ್ತು ಮಾತಾಡಿದರು. ಅವರ ತುಟಿ ಶೀನನಿಗೆ ಕಾಣಲಿಲ್ಲ. ಅವರು ನಿಲ್ಲಿಸಿದಾಗಲೆಲ್ಲ ಅವನು ತಲೆಯಾಡಿಸಿದ. ಕೊನೆಗೆ ಅವರು ತಿರುಗಿ, ಅವನ ಎರಡೂ ಕೈ ಹಿಡಿದು, ಕಾಗದ ಮುಂದಿಟ್ಟರು. ಶೀನ ಓದದೆಯೇ ರುಜು ಹಾಕಿದ.

ಅವರು ಹೋದ ಮೇಲೆ ಕುಶಲಾ ಎದುರು ಬಂದು ಕೂತಳು. "ನೀವು ಧಣಿಗಳ ವಿರುದ್ಧ ಸಾಕ್ಷಿ ಹೇಳುವುದಾ? ನಿಜವಾಗಿಯೂ ಒಪ್ಪಿದ್ದಾ?"

ಅವನು ಹೆಂಡತಿಯ ತುಟಿಯನ್ನೇ ನೋಡಿದ. ತಾನು ಒಪ್ಪಿದ್ದು ಏನನ್ನು ಎಂದು ಅವನಿಗೆ ಆಗಷ್ಟೇ ತಿಳಿದದ್ದು. "ಹೌದು, ಒಪ್ಪಿ ಆಯಿತಲ್ಲ" ಎಂದ.

ಎರಡು ದಿನ ಬಿಟ್ಟು ಧಣಿ ಜಿತೇಶ್ ತಾನಾಗಿಯೇ ಬಂದ. ಅಪ್ಪನ ನಂತರ ಫ್ಯಾಕ್ಟರಿ ನೋಡಿಕೊಳ್ಳುತ್ತಿರುವವನು. ಚಡ್ಡಿ ಹಾಕಿಕೊಂಡು ಕಲ್ಲಿನ ಪುಡಿಯಲ್ಲಿ ಆಡುತ್ತಿದ್ದಾಗಿನಿಂದ ಶೀನ ಅವನನ್ನು ನೋಡಿದ್ದ. ಆದ್ದರಿಂದ ಅವನ ತುಟಿ ಓದುವುದು ಸುಲಭ. ಗದರಿಸಲು ಬಂದ ಹಾಗಿರಲಿಲ್ಲ. ಕುರ್ಚಿ ಕೊಟ್ಟರೂ ಮೆಟ್ಟಲಲ್ಲೇ ಕೂತ.

"ಶೀನಣ್ಣ, ನಿಮಗೆ ಸದ್ದಿನಿಂದ ತೊಂದರೆ ಉಂಟಾ?"

"ಇಲ್ಲ."

"ಮತ್ತೆ? ಅದನ್ನೇ ಅಲ್ಲಿ ಹೇಳಿ. ಬೇರೆ ಎಂತದೂ ಬೇಡ. ಇಪ್ಪತ್ತು ಜನರ ಕೆಲಸದ ಪ್ರಶ್ನೆ ಅಲ್ವಾ?"

ಶೀನ ತಲೆಯಾಡಿಸಿದ. ಈ ಸಲ ಮಾತು ಪೂರ್ತಿ ಅರ್ಥವಾಗಿತ್ತು. ಕುಶಲಾಳ ಹೆರಿಗೆಯ ಹೊತ್ತಿಗೆ ಹಳೆಯ ಧಣಿ ಜೀಪು ಕೊಟ್ಟು ಉಡುಪಿಗೆ ಕಳಿಸಿದ್ದು ಅವನಿಗೆ ನೆನಪಿತ್ತು. ಪ್ಯಾಟ್ರಿಕರ ಕಾಗದದ ರುಜುವೂ ನೆನಪಿತ್ತು. ಎರಡನ್ನೂ ಮನಸ್ಸಿನಲ್ಲಿ ಎದುರುಬದುರಿಟ್ಟು ನೋಡಿದ. ಯಾವುದೂ ಅವನನ್ನು ಎಳೆಯಲಿಲ್ಲ. ಅನ್ನ ತಿಂದು ಮಲಗಿದ.

ವಿಚಾರಣೆ ನಡೆದದ್ದು ಉಡುಪಿಯ ಒಂದು ಕಚೇರಿಯ ಸಭಾಂಗಣದಲ್ಲಿ. ವಿಜೇತಾ ರಜೆ ಹಾಕಿ ಜೊತೆಗೆ ಬಂದಿದ್ದಳು. ಮೇಜಿನ ಆಚೆ ಕನ್ನಡಕದ ಅಧಿಕಾರಿ ಅಮ್ಮ, ಒಂದು ಕಡೆ ಜಿತೇಶ್ ಮತ್ತು ವಕೀಲರು, ಇನ್ನೊಂದು ಕಡೆ ಪ್ಯಾಟ್ರಿಕ್ ಮತ್ತು ಹತ್ತು ಹದಿನೈದು ನೆರೆಕರೆಯವರು. ಶೀನನನ್ನು ಮುಂದೆ ಕೂರಿಸಿದರು. ಅಧಿಕಾರಿ ಫೈಲಿನ ಮೇಲೆ ತಲೆ ತಗ್ಗಿಸಿಯೇ ಪ್ರಶ್ನೆ ಕೇಳಿದರು.

ದೊಡ್ಡ ಮೆಷಿನಿನ ವರ್ಷ ಕೇಳಿದರೆಂದು ಶೀನ ಊಹಿಸಿದ. "ಎರಡು ಸಾವಿರದ ಹದಿನೈದು" ಎಂದ.

ಹಿಂದಿನ ಸಾಲಿನಲ್ಲಿ ಒಬ್ಬಿಬ್ಬರು ನಕ್ಕರು. ಅಧಿಕಾರಿ ತಲೆಯೆತ್ತಿದರು. ಅವರು ಕೇಳಿದ್ದು ಮನೆಯಲ್ಲಿ ಎಷ್ಟು ಜನ ಇದ್ದೀರಿ ಎಂದು. ಮತ್ತೆ ಫೈಲು ನೋಡುತ್ತ ಇನ್ನೊಂದು ಪ್ರಶ್ನೆ ಕೇಳಿದರು. ಶೀನ ತಲೆಯಾಡಿಸಿದ. "ಬಾಯಿಬಿಟ್ಟು ಹೇಳಬೇಕು" ಎಂದರು. ಅವನು ಮತ್ತೆ ತಲೆಯಾಡಿಸಿದ. ಫ್ಯಾಕ್ಟರಿಯ ವಕೀಲರು ಎದ್ದು, ಈ ಸಾಕ್ಷಿಗೆ ಯಾವುದರ ಅರಿವೂ ಇದ್ದ ಹಾಗಿಲ್ಲ ಎಂದರು.

ವಿಜೇತಾ ಅಪ್ಪನ ಬೆನ್ನನ್ನು ನೋಡುತ್ತಿದ್ದಳು. ಮನೆಯಲ್ಲಿ ಕುಕ್ಕರ್ ಕೂಗಿದರೂ ಆ ಬೆನ್ನು ಅಲುಗದ್ದು, ಬಾಗಿಲು ಬಡಿದರೂ ತಿರುಗದ್ದು, ಎಲ್ಲ ಒಟ್ಟಿಗೇ ಅವಳ ಕಣ್ಣ ಮುಂದೆ ಬಂತು. ಎದ್ದು ನಿಂತಳು.

"ಮೇಡಂ, ಅಪ್ಪನಿಗೆ ಕೇಳುವುದಿಲ್ಲ. ನಮಗೂ ಇದು ಸರಿಯಾಗಿ ಗೊತ್ತಿರಲಿಲ್ಲ."

ಹಿಂದಿನಿಂದ ಮಗಳು ಹೇಳಿದ್ದು ಶೀನನಿಗೆ ತಿಳಿಯಲಿಲ್ಲ. ಎಲ್ಲರೂ ತನ್ನನ್ನು ನೋಡುತ್ತಿದ್ದಾರೆ ಎಂದಷ್ಟೇ ಗೊತ್ತಾಯಿತು. ಅಧಿಕಾರಿ ಒಂದು ಬಿಳಿ ಹಾಳೆ ತೆಗೆದು ದೊಡ್ಡ ಅಕ್ಷರದಲ್ಲಿ ಬರೆದು ಅವನ ಕಡೆ ತಳ್ಳಿದರು. ಅವನು ಓದಿ ಉತ್ತರ ಹೇಳಿದ. ಅವರು ಮತ್ತೆ ಬರೆದರು. ಹಾಗೆ ಮುಕ್ಕಾಲು ಗಂಟೆ ನಡೆಯಿತು.

ದೊಡ್ಡ ಮೆಷಿನ್ ಟ್ರೈಲರಿನಲ್ಲಿ ಬಂದದ್ದು ಎರಡು ಸಾವಿರದ ಹದಿನೈದರ ಜನವರಿಯಲ್ಲಿ. ಅಡಿಪಾಯದ ಬೋಲ್ಟು ಕೂರಿಸಿದ್ದು ತಾನೇ. ಟ್ರೈಲರ್ ತಿರುಗಲು ಜಾಗವಿಲ್ಲದೆ ಪ್ಯಾಟ್ರಿಕ್ ಪೊರ್ಬುಗಳ ಕಂಪೌಂಡಿನ ಮೂಲೆ ಒಡೆದು, ಆಮೇಲೆ ಫ್ಯಾಕ್ಟರಿಯವರೇ ಕಟ್ಟಿಸಿ ಕೊಟ್ಟದ್ದು. ಆಗಲೇ ನಲವತ್ತು ಮನೆ ಇದ್ದವು. ಮೆಷಿನಿನ ಕೆಳಗೆ ರಬ್ಬರ್ ಹಾಸಬೇಕೆಂದು ಕಂಪನಿಯವರ ಪುಸ್ತಕದಲ್ಲಿ ಚಿತ್ರ ಇತ್ತು, ಹಾಸಲಿಲ್ಲ.

ಕೊನೆಯ ಹಾಳೆಯಲ್ಲಿ, ಈ ಶಬ್ದದಿಂದ ನಿಮಗೆ ತೊಂದರೆ ಇದೆಯೇ ಎಂದು ಇತ್ತು. ಶೀನ ಜಿತೇಶನ ಕಡೆ ನೋಡಿದ.

"ನನಗೆ ತೊಂದರೆ ಇಲ್ಲ. ನನಗೆ ಅದು ಕೇಳುವುದೇ ಇಲ್ಲ. ಬೇರೆಯದೂ ಕೇಳುವುದಿಲ್ಲ" ಎಂದ.

ಜಿತೇಶ್ ಮೇಜಿನ ಮೇಲಿನ ನೀರಿನ ಬಾಟಲಿಯ ಚೀಟಿಯನ್ನು ಉಗುರಿನಿಂದ ಕೆರೆಯುತ್ತಿದ್ದ. ತಲೆ ಎತ್ತಲಿಲ್ಲ.

ಆದೇಶ ಬರಲು ಎರಡು ತಿಂಗಳಾಯಿತು. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಮಾತ್ರ ಮೆಷಿನ್. ಮೂರು ಕಡೆ ಎತ್ತರದ ಗೋಡೆ, ಅಡಿಯಲ್ಲಿ ರಬ್ಬರ್. ಕೆಲಸಗಾರರಿಗೆಲ್ಲ ವರ್ಷಕ್ಕೊಮ್ಮೆ ಕಿವಿ ತಪಾಸಣೆ. ಮತ್ತೆ ಅಳೆದಾಗ ಪ್ಯಾಟ್ರಿಕರ ಗೇಟಿನಲ್ಲಿ ಐವತ್ತನಾಲ್ಕು ಬಂತು. ಕಾನ್ಸೆಪ್ಟಾ ಬಾಯಿ ಒಂದು ತಟ್ಟೆ ಕೇಕ್ ಕಳಿಸಿದರು. ರಾತ್ರಿಪಾಳಿ ನಿಂತದ್ದರಿಂದ ನಾಲ್ಕು ಜನರಿಗೆ ಕೆಲಸ ಹೋಯಿತು. ಅವರಲ್ಲೊಬ್ಬ ಅಣ್ಣು, ಶೀನನ ಕೈಕೆಳಗೆ ಕಲಿತವನು. ಈಗ ದಾರಿಯಲ್ಲಿ ಎದುರಾದರೆ ಮುಖ ತಿರುಗಿಸಿ ಹೋಗುತ್ತಾನೆ. ಕೇಕ್ ತಿನ್ನುವಾಗ ಶೀನನಿಗೆ ಸಂತೋಷವಾಗಲಿಲ್ಲ. ಅಣ್ಣು ಮುಖ ತಿರುಗಿಸಿದಾಗ ಚುಚ್ಚಬೇಕಿತ್ತು, ಅದೂ ಚುಚ್ಚಲಿಲ್ಲ. ತನಗೆ ಹೀಗೇಕೆ ಎಂದು ಒಂದು ಸಲ ಯೋಚಿಸಿದ, ಆಮೇಲೆ ಬಿಟ್ಟ.

ವಿಜೇತಾ ಅವನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋದಳು. ಗಾಜಿನ ಕಿಟಕಿಯ ಚಿಕ್ಕ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಒತ್ತಿ ಎಂದು ಕೈಗೆ ಗುಂಡಿ ಕೊಟ್ಟರು. ಅವನು ಶ್ರದ್ಧೆಯಿಂದ ಕಾದ. ಇಪ್ಪತ್ತು ನಿಮಿಷದಲ್ಲಿ ಆರು ಸಲ ಒತ್ತಿದ. ಗೆರೆ ಹಾಕಿದ ಕಾಗದ ತೋರಿಸಿ ಪರೀಕ್ಷೆ ಮಾಡಿದ ಹುಡುಗಿ ಏನೋ ವಿವರಿಸಿದಳು, ವಿಜೇತಾ ಕಣ್ಣೊರೆಸಿಕೊಂಡಳು. ಶೀನ ಆ ಗೆರೆ ಎಲ್ಲಿಂದ ಎಲ್ಲಿಗೆ ಇಳಿದಿದೆ ಎಂದು ನೋಡುತ್ತಿದ್ದ, ಬೇರೆ ಯಾರದೋ ಕಾಗದವೆಂಬ ಹಾಗೆ.

ಕಿವಿಗೆ ಯಂತ್ರ ಸಿಕ್ಕಿತು. ಮೊದಲ ದಿನ ಮನೆಗೆ ಬಂದು ಕೂತಾಗ ಒಳಗಿನಿಂದ ಯಾವುದೋ ಮುದುಕಿಯ ಧ್ವನಿ ಬಂತು. ಯಾರು ಬಂದಿದ್ದಾರೆ ಎಂದು ಇಣುಕಿದ. ಕುಶಲಾ ಒಬ್ಬಳೇ ಒಲೆಯ ಎದುರು ನಿಂತು ಚಾಕ್ಕೆ ಸಕ್ಕರೆ ಹಾಕಲೇ ಎಂದು ಕೇಳುತ್ತಿದ್ದಳು. ಅವನ ತಲೆಯೊಳಗೆ ಉಳಿದಿದ್ದದ್ದು ಹತ್ತು ಹನ್ನೆರಡು ವರ್ಷ ಹಿಂದಿನ ಅವಳ ಧ್ವನಿ. ಇದು ಒಡಕು, ಗಟ್ಟಿ, ಕೊನೆಯಲ್ಲಿ ಸ್ವಲ್ಪ ನಡುಗುತ್ತದೆ. ಅವನು ಬಾಗಿಲಲ್ಲೇ ನಿಂತ.

"ಹಾಗೆ ಕಿರುಚುವುದು ಯಾಕೆ? ಈಗ ಕೇಳ್ತದೆ. ಮೆಲ್ಲ ಹೇಳು."

ಕುಶಲಾ ಸೌಟು ಕೆಳಗಿಟ್ಟಳು. ಮೆಲ್ಲಗೆ ಹೇಳಲು ಪ್ರಯತ್ನಿಸಿದಳು, ಸ್ವರ ಮತ್ತೆ ಅಷ್ಟೇ ಎತ್ತರಕ್ಕೆ ಹೋಯಿತು. ಇನ್ನೊಮ್ಮೆ ಪ್ರಯತ್ನಿಸಿದಳು.

"ನನಗೆ ಬರುವುದಿಲ್ಲ ಮಾರಾಯ್ರೆ, ಆ ಮೆಷಿನಿನ ಸದ್ದಿನಲ್ಲಿ ಮೆಲ್ಲ ಮಾತಾಡುವ ಅಭ್ಯಾಸವೇ ತಪ್ಪಿಹೋಗಿದೆ" ಎಂದಳು, ಮೊದಲಿನಷ್ಟೇ ಗಟ್ಟಿಯಾಗಿ.

ಈಗ ಅವನು ಸಂಜೆ ಒಂದು ಗಂಟೆ ಮಾತ್ರ ಯಂತ್ರ ಹಾಕಿಕೊಳ್ಳುತ್ತಾನೆ. ಅವಳು ಬೀಡಿ ಕಟ್ಟುತ್ತ ಕೇರಿಯ ಸುದ್ದಿ ಹೇಳುತ್ತಾಳೆ, ಅವನು ಕೇಳುತ್ತಾನೆ. ಗಂಟೆಯಾದ ಮೇಲೆ ತೆಗೆದು ಡಬ್ಬಿಯಲ್ಲಿಟ್ಟು ಮುಚ್ಚುತ್ತಾನೆ. ಅವಳು ಮಾತು ನಿಲ್ಲಿಸುವುದಿಲ್ಲ.