ಬಾಗಿಲು ಹಾಕಿದ ಮಧ್ಯಾಹ್ನ

ನಮ್ಮ ಸರಕಿನ ಗಾಡಿ ಮಗುಚಿದ್ದು ಮಂಚಿಕೇರಿ ದಾಟಿ ಶಿರಸಿಯ ಕಡೆಗೆ ಬರುವಾಗ. ಸಂಕ್ರಾಂತಿ ಕಳೆದು ಹೆಚ್ಚು ದಿನ ಆಗಿರಲಿಲ್ಲ. ಯಲ್ಲಾಪುರದ ಒಂದು ಅಂಗಡಿಗೆ ಅವಲಕ್ಕಿ ಚೀಲಗಳನ್ನು ಇಳಿಸಿ, ಅಲ್ಲಿಂದ ಚಂದಗುಳಿಗೆ ಹೋಗಿ ಗಣಪತಿಗೆ ಕಾಯಿ ಒಡೆಸಿ ಹಿಂದಿರುಗುತ್ತಿದ್ದೆವು. ನಾನು ನನ್ನ ಗಂಡನ ಪಕ್ಕದಲ್ಲಿ ಕುಳಿತಿದ್ದೆ. ತಿರುವಿನಲ್ಲಿ ಒಂದು ಎಮ್ಮೆ ರಸ್ತೆಗೆ ಇಳಿಯಿತು. ಇವರು ಎಡಕ್ಕೆ ತಿರುಗಿಸಿದರು. ಎಡಗಡೆಯ ಚಕ್ರ ಚರಂಡಿಯ ಅಂಚಿನಲ್ಲಿ ಕುಸಿಯಿತು. ಗಾಡಿ ನಿಧಾನವಾಗಿ ಪಕ್ಕಕ್ಕೆ ಮಲಗಿತು. ಅಷ್ಟು ನಿಧಾನವಾಗಿ ಅಂದರೆ, ಪ್ರಸಾದದ ತೆಂಗಿನ ಹೋಳು ಜಾರಿ ನನ್ನ ಕೆನ್ನೆಯ ಪಕ್ಕದ ಗಾಜಿಗೆ ಬಂದು ತಾಗಿದ್ದನ್ನು ನಾನು ಪೂರ್ತಿ ನೋಡಿದೆ. ಆಮೇಲೆ ಇವರ ಕೂಗು ಕೇಳಿಸಿತು. ನನ್ನ ಮೊಣಕೈ ತರಚಿತ್ತು. ಇವರ ಬಲಗಾಲು ಪೆಡಲುಗಳ ನಡುವೆ ಸಿಕ್ಕಿ, ಮೊಣಕಾಲಿನ ಕೆಳಗೆ ಮುರಿದಿತ್ತು.

ಇವತ್ತಿಗೂ ರಸ್ತೆಯ ಬದಿಯಲ್ಲಿ ಎಮ್ಮೆ ನಿಂತಿದ್ದರೆ ನಾನು ಸೀಟಿನ ಅಂಚು ಹಿಡಿದುಕೊಳ್ಳುತ್ತೇನೆ.

ಕಾಲಿಗೆ ರಾಡು ಹಾಕಿ ಮನೆಗೆ ಕಳಿಸಿದರು. ಬೇಸಿಗೆ ಮುಗಿಯುವ ತನಕ ಗಾಡಿ ಓಡಿಸುವಂತಿಲ್ಲ ಎಂದು ಡಾಕ್ಟರು ಹೇಳಿದರು. ಆಸ್ಪತ್ರೆಯ ಖರ್ಚು ಹೇಗೋ ಕಳೆಯಿತು. ಗಾಡಿಯ ಡೊಂಕನ್ನು ಪರಿಚಯದ ಗ್ಯಾರೇಜಿನವರು ಎತ್ತಿಕೊಟ್ಟರು. ಉಳಿದದ್ದು ದಿನದ ಮನೆಖರ್ಚು. ಅದಕ್ಕೆ ಇದ್ದದ್ದು ನನ್ನ ಹೊಲಿಗೆ ಮಿಷನ್ನು, ಮತ್ತು ಮನೆ ಎದುರು ನಿಂತ ಗಾಡಿ. ಬೇರೆ ಡ್ರೈವರನ್ನು ಇಟ್ಟು ನೋಡಿದೆವು. ಅವನ ಸಂಬಳ, ಡೀಸೆಲ್ಲು ಕಳೆದರೆ ಕೈಗೆ ಏನೂ ಬರುತ್ತಿರಲಿಲ್ಲ. ಗಾಡಿ ಮಾರಿದರೆ ಆರಾಮಾಗಿ ಉಣ್ಣಬಹುದಿತ್ತು. ಆದರೆ ಕಾಲು ನೆಟ್ಟಗಾದ ಮೇಲೆ ಇವರು ಇನ್ನೊಬ್ಬರ ಗಾಡಿಗೆ ಡ್ರೈವರಾಗಬೇಕಿತ್ತು. ಮದುವೆಗೂ ಮೊದಲು ಹತ್ತು ವರ್ಷ ಹಾಗೆ ದುಡಿದವರು ಅವರು. ಸ್ವಂತ ಗಾಡಿಯ ಸಾಲ ಹಿಂದಿನ ವರ್ಷವಷ್ಟೇ ತೀರಿತ್ತು.

ಬನವಾಸಿ ಕಡೆಯ ಒಬ್ಬ ಅನಾನಸು ವ್ಯಾಪಾರಿ ಸುದ್ದಿ ಕೇಳಿ ಗಾಡಿ ಕೊಳ್ಳಲು ಬಂದರು. ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಟೈರು ಒತ್ತಿ ನೋಡಿ, ಜಗುಲಿಯ ಮೇಲೆ ಕುಳಿತರು.

"ನಿಂತಲ್ಲೇ ನಿಂತ್ರ ಗಾಡಿ ಹಾಳಾಗ್ತೈತ್ರಿ ಅಕ್ಕಾರ. ನಾ ಅವಸರ ಮಾಡಂಗಿಲ್ಲ. ಯುಗಾದಿ ಮುಗದ ಮ್ಯಾಲೆ ಬರ್ತೀನಿ. ಅಷ್ಟರಾಗ ವಿಚಾರ ಮಾಡಿ ಇಡ್ರಿ" ಎಂದರು.

ಇವರು ಮಂಚದ ಮೇಲೆ ಗೋಡೆಯ ಕಡೆಗೆ ಮುಖ ತಿರುಗಿಸಿ ಮಲಗಿದರು.

ಆ ದಿನದಿಂದ ನಾನೂ ಅತ್ತೆಯೂ ಮನೆಖರ್ಚನ್ನು ಹಿಡಿದೆವು. ಯುಗಾದಿಯಾಚೆಗೂ ಈ ಮನೆ ನಡೆಯುತ್ತದೆ ಎಂದು ಇವರಿಗೆ ಕಣ್ಣಿಗೆ ಕಾಣಬೇಕು, ಆಗ ಮಾತ್ರ ಗಾಡಿ ಉಳಿಯುತ್ತದೆ ಎಂದು ನಮಗೆ ಗೊತ್ತಿತ್ತು. ಅತ್ತೆಗೆ ಈ ವಿದ್ಯೆ ಮೊದಲಿನಿಂದ ಬರುತ್ತಿತ್ತು. ಸ್ನಾನದ ನೀರು ಕಾಯಿಸುವುದು ಹಿತ್ತಿಲಿನ ಒಲೆಗೆ ಹೋಯಿತು. ತೆಂಗಿನ ಸಿಪ್ಪೆ, ಒಣಗಿದ ಸೋಗೆ ಸಾಕಾಗುತ್ತಿತ್ತು. ಅನ್ನ ಚೆನ್ನಾಗಿ ಕುದಿ ಬಂದ ಮೇಲೆ ಗ್ಯಾಸಿನಿಂದ ಇಳಿಸಿ, ಹಳೆಯ ಕಂಬಳಿಯಲ್ಲಿ ಸುತ್ತಿ, ಗೋಣಿಚೀಲದಲ್ಲಿ ಇಡುತ್ತಿದ್ದರು. ಊಟದ ಹೊತ್ತಿಗೆ ಅದು ತನ್ನಷ್ಟಕ್ಕೆ ಬೆಂದಿರುತ್ತಿತ್ತು. ಹುಣಸೆಹಣ್ಣು ತರುವುದನ್ನು ನಿಲ್ಲಿಸಿ ಮುರುಗಲಿನ ಒಣಸಿಪ್ಪೆ ಹಾಕಿದೆವು. ಬಾವಿಕಟ್ಟೆಯ ಪಕ್ಕದ ಒಂದೆಲಗದಿಂದ ತಂಬುಳಿ. ಅರೆದು ಮಜ್ಜಿಗೆಗೆ ಬೆರೆಸಿದರೆ ಆಯಿತು, ಬೆಂಕಿಯೇ ಬೇಡ. ಹೀರೆಕಾಯಿಯ ಪಲ್ಯ ಒಂದು ಹೊತ್ತಿಗೆ, ಸಿಪ್ಪೆಯ ಚಟ್ನಿ ಇನ್ನೊಂದು ಹೊತ್ತಿಗೆ.

ಇಷ್ಟೆಲ್ಲ ಮಾಡಿಯೂ ಗ್ಯಾಸು ಬೇಗ ಮುಗಿಯಿತು. ಸಕ್ಕರೆ ಡಬ್ಬಿ ವಾರಕ್ಕೊಮ್ಮೆ ತಳ ಕಾಣುತ್ತಿತ್ತು. ಹಾಲಿನವನು ನಮ್ಮ ಮನೆಗೆ ಮೊದಲಿನ ಎರಡರಷ್ಟು ಹಾಲು ಕೊಡುತ್ತಿದ್ದ. ನನಗೆ ತಲೆ ಕೆಟ್ಟಿತು. ಒಂದು ಬೆಳಿಗ್ಗೆ ಅತ್ತೆ ಖಾಲಿ ಡಬ್ಬಿಯನ್ನು ನನ್ನ ಮುಂದೆ ಇಟ್ಟು, "ತಂಗೀ, ಇದು ನಾವು ತಿಂದು ಖರ್ಚಾದದ್ದಲ್ಲ. ನಿನ್ ಗಂಡನ ಕಾಲು ನೋಡೂಕೆ ಬಂದವ್ರು ಕುಡದದ್ದು" ಎಂದರು.

ನಿಜವಾಗಿತ್ತು. ನಮ್ಮ ಕಡೆ ಯಾರಾದರೂ ಹಾಸಿಗೆ ಹಿಡಿದರೆ ನೋಡಲು ಬಾರದವರು ಸಂಬಂಧಿಕರೇ ಅಲ್ಲ. ಬರುವವರು ಬರಿಗೈಯಲ್ಲಿ ಬರುವ ಹಾಗಿಲ್ಲ. ಬಂದವರನ್ನು ಬರಿಬಾಯಲ್ಲಿ ಕಳಿಸುವ ಹಾಗೂ ಇಲ್ಲ. ಅವರು ಚಪ್ಪಲಿ ಬಿಡುವುದರೊಳಗೆ "ಆಸರಿಗೆ ಎಂತ ಬೇಕು" ಎಂದು ಕೇಳಬೇಕು, ಅವರು "ಎಂತದೂ ಬ್ಯಾಡ" ಎನ್ನಬೇಕು, ನಾವು ಚಹಾ ಇಡಬೇಕು. ಚಹಾದ ಜೊತೆಗೆ ಅವಲಕ್ಕಿ. ಮಧ್ಯಾಹ್ನವಾದರೆ ಊಟ. ಅವರು ತಂದ ಬಿಸ್ಕಿಟು, ಬ್ರೆಡ್ಡು, ಸೇಬು, ಬಾಳೆಹಣ್ಣು ಕಪಾಟಿನಲ್ಲಿ ತುಂಬಿ, ಮೇಜಿನ ಮೇಲೆ ತುಂಬಿ, ಕೊನೆಗೆ ಹೊಲಿಗೆ ಮಿಷನ್ನಿನ ಮೇಲೂ ಬಂದು ಕುಳಿತವು. ಬ್ರೆಡ್ಡಿನ ಉಪ್ಪಿಟ್ಟು, ಬಾಳೆಹಣ್ಣಿನ ದೋಸೆ ತಿಂದು ತಿಂದು ಇವರು ಒಂದು ದಿನ, "ಕಾಲು ಮುರಿದಿದ್ದಕ್ಕೆ ಇಷ್ಟು ಶಿಕ್ಷೆ ಸಾಕು" ಎಂದರು.

ಅತ್ತೆ ಹಾಲಿಗೆ ನೀರು ಹೆಚ್ಚು ಹಾಕಿ ನೋಡಿದರು. ಲೋಟ ಚಿಕ್ಕದು ಮಾಡಿ ನೋಡಿದರು. ತ್ಯಾಗಲಿಯಿಂದ ಬಂದ ಅತ್ತಿಗೆ, ಅಂದರೆ ಇವರ ಅಕ್ಕ, ಲೋಟವನ್ನು ಬೆಳಕಿಗೆ ಹಿಡಿದು, "ಇದೆಂತ ಅವ್ವಾ, ಕೂಸಿಗೆ ಔಷಧಿ ಕೊಟ್ಟಂಗೆ ಕೊಟ್ಯಲೆ" ಎಂದರು. ಎರಡನೇ ಸಲ ತುಂಬಿಸಿಕೊಟ್ಟದ್ದರಿಂದ ಉಳಿತಾಯವೇನೂ ಆಗಲಿಲ್ಲ.

ಆಗ ಅತ್ತೆ ಒಂದು ಉಪಾಯ ಹೇಳಿದರು. "ನಾಳೆಯಿಂದ ಊಟ ಆದ್ಮೇಲೆ ಎದ್ರು ಬಾಗ್ಲು ಹಾಕಿಬಿಡು. ಮನಿಕಂಡಿದ್ರು ಅಂದ್ಕಂಡು ಹೋಗ್ತಾರೆ."

ಮರುದಿನ ಊಟ ಮುಗಿಸಿ ಬಾಗಿಲು ಹಾಕಿ ಚಿಲಕ ಸಿಕ್ಕಿಸಿದೆ. ಹಗಲು ಹೊತ್ತಿನಲ್ಲಿ ಆ ಬಾಗಿಲು ಹಾಕಿದ್ದು ಅದೇ ಮೊದಲು. ಒಳಗೆ ಮೂವರೂ ಪಿಸುಗುಟ್ಟುತ್ತ ಕುಳಿತೆವು. ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಹೆಜ್ಜೆ ಸದ್ದು. ಕೆಮ್ಮಿನಿಂದಲೇ ಗುರುತು ಸಿಕ್ಕಿತು: ವಾನಳ್ಳಿಯ ಮಾವ, ಅತ್ತೆಯ ತಮ್ಮ. ಅವರು ಬಾಗಿಲು ತಟ್ಟಿದರು. ಕರೆದರು. ಅತ್ತೆ ತುಟಿಯ ಮೇಲೆ ಬೆರಳಿಟ್ಟುಕೊಂಡು ನಮ್ಮಿಬ್ಬರನ್ನೂ ದುರುಗುಟ್ಟಿ ನೋಡಿದರು. ಮಾವ ಇವರ ಫೋನಿಗೆ ಕರೆ ಮಾಡಿದರು. ಅದು ಕಿಟಕಿಯ ಹತ್ತಿರ ಚಾರ್ಜಿಗೆ ಇತ್ತು. ಇಡೀ ಮನೆಗೆ ಕೇಳುವ ಹಾಗೆ ರಿಂಗಾಯಿತು, ನಿಂತಿತು, ಮತ್ತೆ ರಿಂಗಾಯಿತು. ಯಾರೂ ಅಲುಗಾಡಲಿಲ್ಲ. ಮಾವ ಹೊರಟು ಹೋದ ಸದ್ದು ಕೇಳಿ ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. "ಒಂದು ಚಾ ಉಳೀತು" ಎಂದರು.

ಹೊರಗೆ ನಿಂತ ಮಾವನಿಗೆ ಅದು ಬೇರೆಯೇ ರೀತಿ ಕಂಡಿತ್ತು. ರೋಗಿ ಇರುವ ಮನೆ, ಹಗಲಲ್ಲಿ ಬಾಗಿಲು ಹಾಕಿದೆ, ಫೋನು ಒಳಗೇ ರಿಂಗಾಗುತ್ತಿದೆ. ಅಂದರೆ ಫೋನು ತೆಗೆದುಕೊಳ್ಳಲೂ ಪುರುಸೊತ್ತಿಲ್ಲದೆ ಹಿತ್ತಿಲ ಬಾಗಿಲಿನಿಂದಲೇ ಹೊರಟಿದ್ದಾರೆ. ಅವರು ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲೇ ತ್ಯಾಗಲಿಗೆ ಫೋನು ಮಾಡಿದರು: ಹುಬ್ಬಳ್ಳಿಗೆ ತಗೊಂಡು ಹೋದ ಹಾಗೆ ಕಾಣುತ್ತದೆ. ನಮ್ಮಲ್ಲಿ ಈ ಮಾತು ಕೇಳಿದವರು ಮತ್ತೇನನ್ನೂ ಕೇಳುವುದಿಲ್ಲ. ಶಿರಸಿಯಲ್ಲಿ ಆಗುವುದಿಲ್ಲ ಎಂದವರನ್ನು ಮಾತ್ರ ಹುಬ್ಬಳ್ಳಿಗೆ ಒಯ್ಯುವುದು.

ಸಂಜೆ ನಾನು ಬಾಗಿಲು ತೆಗೆದು ಅಂಗಳ ಗುಡಿಸುತ್ತಿದ್ದಾಗ ಒಂದು ಜೀಪು ಬಂತು, ಹಿಂದೆ ಒಂದು ಓಮ್ನಿ. ಹುಬ್ಬಳ್ಳಿಗೆ ಹೋಗುವ ದಾರಿಯಲ್ಲಿ ಮನೆಯನ್ನೊಮ್ಮೆ ನೋಡಿಹೋಗೋಣ ಎಂದು ವಾನಳ್ಳಿಯ ಮಾವನೂ ಸೇರಿ ನೆಂಟರೆಲ್ಲ ಬಂದಿದ್ದರು. ಮೊದಲು ಇಳಿದವರು ಅತ್ತಿಗೆ. ಕಣ್ಣು ಊದಿತ್ತು. ಬಗಲಲ್ಲಿ ಬಟ್ಟೆಯ ಚೀಲ, ಆಸ್ಪತ್ರೆಯಲ್ಲಿ ಉಳಿಯುವ ತಯಾರಿ. ನನ್ನನ್ನು ಏನೂ ಕೇಳದೆ ಒಳಗೆ ಓಡಿದರು. ಇವರು ಮಂಚದ ಮೇಲೆ ಕುಳಿತು ಬಾಳೆಹಣ್ಣಿನ ದೋಸೆ ತಿನ್ನುತ್ತಿದ್ದರು. ಅತ್ತಿಗೆ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. ಎಷ್ಟೋ ಹೊತ್ತು ಬಟ್ಟೆಯ ಚೀಲವನ್ನು ಎದೆಗೆ ಅವಚಿಕೊಂಡೇ ಇದ್ದರು. ಗಾಡಿ ಮಗುಚಿದ ದಿನ ರಸ್ತೆಯಲ್ಲಿ ಕುಳಿತು ನಾನು ಇವರ ತಲೆಯನ್ನು ಹಾಗೆಯೇ ಹಿಡಿದುಕೊಂಡಿದ್ದೆ. ನಾನು ಹೋಗಿ ಅವರ ಪಕ್ಕದಲ್ಲಿ ಕುಳಿತೆ.

ಮನೆ ತುಂಬಿತು. ಅತ್ತೆ ಗೋಡೆಗೆ ಒರಗಿ ನಿಂತು, "ನಿದ್ದೆ ಬಂದ್ಬಿಟ್ಟಿತ್ತು" ಎಂದರು.

"ಮೂರೂ ಜನಕ್ಕೆ ಒಟ್ಟಿಗೇ?" ಅತ್ತಿಗೆ ಕೇಳಿದರು.

ಅತ್ತೆ ನೆಲ ನೋಡುತ್ತ ಹೇಳಿದರು. "ನಿದ್ದೆ ಅಲ್ಲ. ಚಾ ಕೊಟ್ಟು ಕೊಟ್ಟು ಪೂರೈಸೂದಿಲ್ಲ ಮಗಾ. ಹೀಂಗೇ ಆದ್ರೆ ಗಾಡಿ ಕೊಡೂದೇ. ಅದ್ಕೇ ಬಾಗ್ಲು ಹಾಕ್ಸಿದೆ."

ಇವರು ತಟ್ಟೆಯನ್ನು ಪಕ್ಕಕ್ಕೆ ಇಟ್ಟರು. ಇಂಥ ಮಾತನ್ನು ನೆಂಟರ ಎದುರು ನಮ್ಮ ಮನೆಯಲ್ಲಿ ಯಾರೂ ಆಡಿದ್ದಿಲ್ಲ.

ಮೊದಲು ಕೆಮ್ಮಿದವರು ವಾನಳ್ಳಿಯ ಮಾವ. "ಅಕ್ಕಾ, ಒಂದು ಹೇಳ್ತೆ, ಸಿಟ್ಟು ಮಾಡ್ಬ್ಯಾಡ. ನಿಮ್ಮನೆ ಚಾ ನಂಗೆ ಸೇರೂದಿಲ್ಲ. ಬರೀ ನೀರು. ಬ್ಯಾಡ ಅಂದ್ರೆ ನಿಂಗೆ ಬೇಜಾರಾದೀತು ಅಂತ ಕುಡೀತಿದ್ದೆ."

"ನೀರು ಹಾಕಿದ್ದೇ ನೀ ಎರಡು ಲೋಟ ಕುಡೀತೆ ಅಂತ" ಎಂದರು ಅತ್ತೆ.

ಅತ್ತಿಗೆಯ ಮುಖದಲ್ಲಿ ನಗು ಬಂತು, ಅಳುವೂ ಜೊತೆಗೇ ಇತ್ತು. "ನಮ್ಮನೆ ಅಟ್ಟದ ಮೇಲೆ ಮೊಗೆಕಾಯಿ ತಿನ್ನೋರಿಲ್ದೆ ಕೊಳೀತಾ ಇದೆ. ಕಾಲು ಮುರದವನ್ನ ನೋಡೂಕೆ ಮೊಗೆಕಾಯಿ ಹೊತ್ಕಂಡು ಬಂದ್ರೆ ಜನ ಎಂತ ಹೇಳ್ತಾರೆ ಅಂತ, ಪ್ರತಿ ಸಲ ಪೇಟೇಲಿ ಇಳದು ಸೇಬು ತಗಂಡೆ. ಅಷ್ಟು ಸೇಬು ನನ್ ಮಕ್ಕಳಿಗೆ ತಂದಿದ್ದಿಲ್ಲ."

ಒಬ್ಬೊಬ್ಬರೂ ಒಂದೊಂದು ಹೇಳಿದರು. ಒಬ್ಬರ ಮನೆಯಲ್ಲಿ ಮಜ್ಜಿಗೆ ಹೆಚ್ಚಾಗಿ ಕರುವಿಗೆ ಹಾಕುತ್ತಿದ್ದರಂತೆ. ಇನ್ನೊಬ್ಬರಲ್ಲಿ ಹೋದ ವರ್ಷದ ಹಲಸಿನ ಹಪ್ಪಳ ಡಬ್ಬಿಯಲ್ಲೇ ಇತ್ತಂತೆ. ಅವರು ನಮ್ಮ ಮರ್ಯಾದೆಗಾಗಿ ಬಿಸ್ಕಿಟು ಕೊಂಡಿದ್ದರು, ನಾವು ಅವರ ಮರ್ಯಾದೆಗಾಗಿ ಸಕ್ಕರೆ ಕೊಂಡಿದ್ದೆವು. ಅಂದು ರಾತ್ರಿ ಅಡುಗೆ ಮಾಡಿದ್ದು ಅತ್ತಿಗೆ. ಮಾವಿನ ಮಿಡಿಯ ಅಪ್ಪೆಹುಳಿ ಮತ್ತು ಅನ್ನ. ಎಲ್ಲರೂ ಉಂಡರು.

ಆಮೇಲೆ ಬಂದವರ ಕೈಯಲ್ಲಿ ಬೇರೆ ಚೀಲಗಳಿದ್ದವು. ದಪ್ಪ ಸೌತೆಯಂಥ ಮೊಗೆಕಾಯಿ, ತೆಂಗಿನಕಾಯಿ, ಕ್ಯಾನಿನಲ್ಲಿ ಮಜ್ಜಿಗೆ, ಒಮ್ಮೆ ಮಾವನ ಹೆಗಲ ಮೇಲೆ ಒಡೆದ ಸೌದೆ. ಚಹಾ ಕೇಳುವುದನ್ನು ನಾವು ಬಿಟ್ಟೆವು. ಜೀರಿಗೆ, ಕೊತ್ತಂಬರಿ ಹುರಿದು ಪುಡಿ ಮಾಡಿಟ್ಟುಕೊಂಡು, ಹಿತ್ತಿಲ ಒಲೆಯ ಕೆಂಡದ ಮೇಲೆ ಬೆಲ್ಲದ ಕಷಾಯ ಮಾಡಿ ಕೊಟ್ಟೆವು. ಕೆಲವರು ಹಿಂದಿನಿಂದ ಆಡಿಕೊಂಡರು ಎಂದು ಕೇಳಿದೆ. ಗ್ಯಾಸು ಮಾತ್ರ ಮೊದಲಿನಷ್ಟು ದಿನ ಬಂತು. ಅಕ್ಕಿ ಬಿಟ್ಟರೆ ಅಂಗಡಿಯಿಂದ ತರುವುದು ಬಹಳ ಕಡಿಮೆಯಾಯಿತು. ಹೊಲಿಗೆಯ ದುಡ್ಡು ತಿಂಗಳ ಕೊನೆಯವರೆಗೆ ಬಂದು ಮುಟ್ಟಿತು. ಇವರು ಮಂಚದ ಮೇಲಿಂದ ಎಲ್ಲವನ್ನೂ ನೋಡುತ್ತಿದ್ದರು. ಒಂದು ದಿನ ಮೊಗೆಕಾಯಿ ಹೆಚ್ಚಲು ತಾವೇ ಈಳಿಗೆಮಣೆ ಕೇಳಿದರು. ನೆಲಕ್ಕೆ ಕೂರಲಾಗುವುದಿಲ್ಲವೆಂದು ಚಾಕು ಕೊಟ್ಟೆ.

ಯುಗಾದಿ ಮುಗಿದ ಮೇಲೆ ವ್ಯಾಪಾರಿ ಹೇಳಿದ ಹಾಗೆಯೇ ಬಂದರು. ಅತ್ತೆ ಕಷಾಯದ ಲೋಟ ಇಟ್ಟರು. ಅವರು ಒಂದು ಗುಟುಕು ಕುಡಿದು, ಲೋಟದ ಒಳಗೆ ನೋಡಿ, "ಚಾ ಇಲ್ಲೇನ್ರಿ ಅಮ್ಮಾರ?" ಎಂದರು.

"ಚಾ ಬಿಟ್ಟು ತಿಂಗಳಾತು. ಚಾ ಬಿಟ್ಟೇ ಗಾಡಿ ಉಳಿಸ್ಕಂಡದ್ದು" ಎಂದರು ಅತ್ತೆ.

ವ್ಯಾಪಾರಿ ಇವರ ಕಡೆ ನೋಡಿದರು. ಇವರು ಕೋಲು ಹಿಡಿದು ಎದ್ದು, ಬಾಗಿಲಿಗೆ ಬಂದು ನಿಂತರು. "ಕೊಡೂದಿಲ್ಲ. ಮಳೆ ಹಿಡಿಯೂ ಹೊತ್ತಿಗೆ ನಾನೇ ಓಡಿಸ್ತೆ. ನಿಮ್ಮ ಅನಾನಸು ಇದ್ರೆ ಹೇಳಿ" ಎಂದರು.

"ನೋಡೂಣಂತ್ರಿ" ಎಂದರು ವ್ಯಾಪಾರಿ. ಕಷಾಯ ಪೂರ್ತಿ ಕುಡಿದರು. ಬೇಜಾರು ಮಾಡಿಕೊಂಡ ಹಾಗೆ ಕಾಣಲಿಲ್ಲ.

ಅವರು ಹೋದ ಮೇಲೆ ಇವರು ಮೆಟ್ಟಿಲನ್ನು ಒಂದೊಂದಾಗಿ ಇಳಿದು ಗಾಡಿಯ ಹತ್ತಿರ ಹೋದರು. ಮೇಲೆ ಹೊದಿಸಿದ ತಾಡಪಾಲನ್ನು ಒಂದು ಕೈಯಿಂದ ಎಳೆಯಲು ನೋಡಿದರು, ಅದು ಕನ್ನಡಿಗೆ ಸಿಕ್ಕಿಕೊಂಡಿತು. ನಾನು ಹೋಗಿ ಆಚೆಯ ತುದಿ ಬಿಡಿಸಿದೆ. ಇಬ್ಬರೂ ಸೇರಿ ಅದನ್ನು ಮಡಚಿ ಜಗುಲಿಯ ಮೇಲೆ ಇಟ್ಟೆವು.