ಗೆರೆ ಕಿತ್ತುಹೋದ ಸ್ಕೋಪು

ಚಿತ್ರದುರ್ಗದಲ್ಲಿ ನನ್ನ ಟೈಲರಿಂಗ್ ಅಂಗಡಿಯ ಪಕ್ಕದಲ್ಲೇ ವಯಸ್ಸಾದ ಮೇಸ್ತ್ರಿಯೊಬ್ಬರು ಏರ್‌ಗನ್ ರಿಪೇರಿ ಮಾಡುತ್ತಿದ್ದರು. ಗುರಿ ನೋಡಲು ಗನ್ನಿನ ಮೇಲೆ ಕೂರಿಸುವ ದುರ್ಬೀನು, ಅಂದರೆ ಸ್ಕೋಪು, ಕೊಳ್ಳಲು ಬಂದವರಿಗೆ ಎದುರಿನ ಕೋಟೆಯ ಬಂಡೆ ತೋರಿಸಿ, "ಮೊದ್ಲು ಗೆರೆ ನೋಡ್ರಿ, ಆಮೇಲೆ ಗುರಿ" ಎನ್ನುತ್ತಿದ್ದರು. ಜೂಮ್ ತಿರುಗಿಸಿದಂತೆ ಗಾಜಿನೊಳಗಿನ ಗುರಿಯ ಗೆರೆಯೂ ಹಿಗ್ಗಿ ಕುಗ್ಗುವ ಫಸ್ಟ್ ಫೋಕಲ್ ಸ್ಕೋಪೇ ಅವರಿಗೆ ಸರಿ. ಗೆರೆ ಇದ್ದಷ್ಟೇ ಇರುವ ಸೆಕೆಂಡ್ ಫೋಕಲ್ ಕೇಳಿದರೆ ಗದರುತ್ತಿದ್ದರು. "ಜೂಮ್ ಬದ್ಲಾದ್ರೆ ಅದು ತೋರ್ಸೋ ದೂರದ ಲೆಕ್ಕ ಸುಳ್ಳಾಗ್ತೈತೆ ಕಣಪ್ಪ."

ಕಳೆದ ಬೇಸಿಗೆಯಲ್ಲಿ ಭೀಮಸಮುದ್ರದವರೊಬ್ಬರು ತಮ್ಮ ಫಸ್ಟ್ ಫೋಕಲ್ ಸ್ಕೋಪನ್ನು ಬಿಗಿ ಮಾಡಿಸಲು ತಂದರು. ಜೂಮ್ ಪೂರ್ತಿ ಕಮ್ಮಿಯಿತ್ತು. ಮೇಸ್ತ್ರಿ ಕಣ್ಣಿಟ್ಟು ನೋಡಿದರು, ಪಂಚೆಯ ತುದಿಯಿಂದ ಗಾಜು ಒರೆಸಿ ಮತ್ತೆ ನೋಡಿದರು.

"ಇದ್ರಾಗೆ ಗೆರೇನೇ ಕಿತ್ತೋಗೈತೆ. ಕಂಪನಿಗೆ ವಾಪಸ್ ಕಳಿಸ್ರಿ."

ಗಿರಾಕಿ ತಾವೂ ನೋಡಿ, ಪಕ್ಕದಲ್ಲಿ ನಿಂತಿದ್ದ ನನ್ನ ಕೈಗಿತ್ತರು. ನಾನು ಕಣ್ಣಿಟ್ಟರೆ, ಬಂಡೆಯ ಮೇಲೆ ಕೂದಲೆಳೆಯಂಥ ಗೆರೆ ಸ್ಪಷ್ಟವಾಗಿತ್ತು. ನಾನು ಗಿರಾಕಿಯತ್ತ ನೋಡಿದೆ. ಮೇಸ್ತ್ರಿ ನಮ್ಮಿಬ್ಬರ ಮುಖ ನೋಡಿ, ಸ್ಕೋಪು ಇಸಿದುಕೊಂಡು, ಜೂಮ್ ಪೂರ್ತಿ ಏರಿಸಿ ಕಣ್ಣಿಟ್ಟರು. ಆಗ ದಪ್ಪಗಾದ ಗೆರೆ ಅವರಿಗೂ ಕಂಡಿರಬೇಕು. ಮೆಲ್ಲಗೆ ಕೆಳಗಿಟ್ಟರು.

ಆಮೇಲೆ ಅವರು ಯಾರನ್ನೂ ಗದರಿದ್ದು ನಾನು ಕೇಳಲಿಲ್ಲ. ಸ್ಕೋಪನ್ನು ಗಿರಾಕಿಯ ಕೈಗೆ ಕೊಟ್ಟು, ಬಂಡೆಯತ್ತ ತಿರುಗದೆ ಕೇಳುತ್ತಿದ್ದರು:

"ಗೆರೆ ಐತಾ, ನೀವೇ ನೋಡಿ ಹೇಳ್ರಿ."