ಹದಿನಾಲ್ಕನೇ ನಂಬರಿನ ಛತ್ರಿ

ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. "ನನ್ನ ಕಣ್ಣಾರೆ ನೋಡಿದೆ" ಎಂದು ಎದೆ ಮುಟ್ಟಿಕೊಂಡು ಹೇಳುವ ಮಾಮಾಗಳು, ಕಾಕಾಗಳು ನಮ್ಮ ಮನೆತನದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರಿಗೆಲ್ಲ ನಾನು ಕೇಳುತ್ತಿದ್ದುದು ಒಂದೇ: ಸಾಕ್ಷಿ ಎಲ್ಲಿದೆ? ಇಲ್ಲದಿದ್ದರೆ ಸುಮ್ಮನಿರಿ. ಈಗ ನನ್ನ ಹತ್ತಿರ ಸಾಕ್ಷಿ ಇದೆ, ಒಂದಲ್ಲ ಮೂರು, ಮತ್ತು ಮೂರೂ ನನ್ನ ವಿರುದ್ಧವೇ ಇವೆ. ನನಗೆ ಸಿಟ್ಟು ಬರುವುದು ಅದಕ್ಕೇ. ಓದುವವರು ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಆದರೆ "ನೀವೇ ಮರೆತಿರಬೇಕು ಬಿಡ್ರಿ" ಎಂದು ಮಾತ್ರ ಹೇಳಬೇಡಿ. ಆ ಮಾತು ಕೇಳಿ ಕೇಳಿ ಸಾಕಾಗಿದೆ.

ನನ್ನ ಗಂಡನಿಗೆ ರೈಲ್ವೆಯಲ್ಲಿ ನೌಕರಿ. ಹುಬ್ಬಳ್ಳಿಯಿಂದ ಸೊಲ್ಲಾಪುರ, ಅಲ್ಲಿಂದ ನಾಗಪುರ, ಹೀಗೆ ವರ್ಗವಾಗುತ್ತ ಬಂದು ಇಲ್ಲಿಯ ಪ್ರತಾಪ ನಗರದಲ್ಲಿ ಬಾಡಿಗೆ ಮನೆ ಹಿಡಿದು ಹತ್ತು ವರ್ಷದ ಮೇಲಾಗಿತ್ತು. ಊರೂರು ತಿರುಗುವ ಮನೆಗಳಲ್ಲಿ ಸಾಮಾನು ಎಣಿಸುವ ಚಟ ಅಂಟಿಕೊಳ್ಳುತ್ತದೆ. ಸೊಲ್ಲಾಪುರಕ್ಕೆ ಬಂದಾಗ ಒಂದು ಹಾಸಿಗೆಯ ಗಂಟು ಕಾಣೆಯಾಯಿತು. ಅಂದಿನಿಂದ ನಾನು ಪ್ರವಾಸಕ್ಕೆ ಹೊರಡುವ ಪ್ರತಿ ವಸ್ತುವಿಗೂ, ಚೀಲ, ಚಾದರ, ಟವೆಲು, ಛತ್ರಿಯ ಪಟ್ಟಿ, ಎಲ್ಲಕ್ಕೂ ಕೆಂಪು ದಾರದಲ್ಲಿ ನಂಬರು ಹೊಲಿಯುತ್ತೇನೆ. ಅದೂ ಕನ್ನಡ ಅಂಕಿಯಲ್ಲಿ. ಈ ಕಡೆ ಬೇರೆ ಯಾರ ಸಾಮಾನಿನ ಮೇಲೂ ಅದು ಇರುವುದಿಲ್ಲ ಎಂಬುದೇ ಅದರ ಉಪಯೋಗ. ಎಣಿಸುವುದು ಯಜಮಾನರ ಪಾಲಿನ ಕೆಲಸ. ಸಾಮಾನಿನ ಒಂದೊಂದು ತುಂಡನ್ನೂ ಇಲ್ಲಿ ನಗ ಎನ್ನುತ್ತಾರೆ. ರೈಲು ಹತ್ತುವಾಗ ಒಮ್ಮೆ, ಇಳಿದಾಗ ಒಮ್ಮೆ "ಐದು ನಗ, ಬರೋಬರ್" ಎಂದು ಗಟ್ಟಿಯಾಗಿ ಹೇಳಿದ ಮೇಲೆಯೇ ಅವರು ಪ್ಲಾಟ್‌ಫಾರ್ಮಿನಿಂದ ಕದಲುವುದು.

ಪ್ರವಾಸದ ವಿಷಯಕ್ಕೆ ಮೊದಲು ಸುಮನಬಾಯಿಯ ವಿಷಯ ಹೇಳಬೇಕು. ಹೇಳಲು ಮನಸ್ಸಿಲ್ಲ, ಆದರೂ ಹೇಳುತ್ತೇನೆ. ಎಂಟು ವರ್ಷ ನಮ್ಮ ಮನೆಯಲ್ಲಿ ಕಸ, ಪಾತ್ರೆ ಮಾಡಿದವಳು ಅವಳು. ಆ ವರ್ಷ ಬೇಸಿಗೆಯ ಆರಂಭದಲ್ಲಿ, ಮಗಳಿಗೆ ಜ್ವರ ಬಂದು ದವಾಖಾನೆಗೆ ಸೇರಿಸಿದ್ದೇನೆಂದು ಎರಡು ದಿನ ರಜೆ ಕೇಳಿದಳು. ಕೊಟ್ಟೆ. ಮಾರನೇ ದಿನ ನಾನು ಓಣಿಯ ಹೆಂಗಸರ ಜೊತೆ ವರ್ಷಕ್ಕಾಗುವ ಕೆಂಪು ಮೆಣಸಿನಕಾಯಿ ತರಲು ಕಳಮನಾದ ಸಗಟು ಮಾರ್ಕೆಟ್ಟಿಗೆ ಹೋದೆ. ಮೆಣಸಿನಕಾಯಿ ರಾಶಿಯ ಆಚೆ ಸುಮನಬಾಯಿ ನಿಂತಿದ್ದಳು. ಅದೇ ಹಸಿರು ಸೀರೆ, ಎಡಗೈಯಿಂದ ತಲೆಯ ಮೇಲೆ ಸೆರಗು ಎಳೆದುಕೊಳ್ಳುವ ಅದೇ ರೀತಿ. ಕೂಗಿದೆ. ತಿರುಗಿ ನನ್ನ ಮುಖ ನೋಡಿದಳು, ಲಾರಿಯ ಹಿಂದೆ ಸರಿದು ಹೋದಳು.

ಕೆಲಸಕ್ಕೆ ಬಂದಾಗ ಕೇಳಿದರೆ "ಮೀ ನವ್ಹತೇ" ಎಂದಳು. ನಾನಲ್ಲ, ನಾನು ಅಲ್ಲಿ ಇರಲೇ ಇಲ್ಲ. ದವಾಖಾನೆಯ ಚೀಟಿ ತೋರಿಸಿದಳು. ಚೀಟಿ ಯಾರು ಬೇಕಾದರೂ ಬರೆಸಿಕೊಳ್ಳಬಹುದು ಎಂದೆ. ಅತ್ತಳು, ಮಗಳ ತಲೆಯ ಮೇಲೆ ಆಣೆ ಇಟ್ಟಳು. ಅವಳು ಕಳಮನಾಕ್ಕೆ ಹೋಗಿದ್ದರೆ ಹೋಗಲಿ, ನನಗೇನು? ನನ್ನ ಕಣ್ಣು ಕಂಡದ್ದನ್ನೇ ಅಲ್ಲಗಳೆಯುತ್ತಾಳಲ್ಲ ಎಂದು ಮೈಯೆಲ್ಲ ಉರಿದುಹೋಯಿತು. ಅಂದೇ ಬಿಡಿಸಿದೆ. ಅಷ್ಟಕ್ಕೇ ಬಿಡಲಿಲ್ಲ. ಕೇಳಿದವರಿಗೆಲ್ಲ ಸುಳ್ಳುಗಾರ್ತಿ ಎಂದು ಹೇಳಿದೆ. ನಮ್ಮ ಓಣಿಯ ಇನ್ನೆರಡು ಮನೆಯವರೂ ಅವಳನ್ನು ಬಿಡಿಸಿದರು. ಆಗ ನನಗೆ ನ್ಯಾಯ ಮಾಡಿದಂತೆಯೇ ಅನಿಸಿತ್ತು.

ಅದೇ ವರ್ಷ ಮಳೆಗಾಲದಲ್ಲಿ ನಾವಿಬ್ಬರೂ ಸಮುದ್ರ ನೋಡಲು ಹೊರಟೆವು. ನಮ್ಮ ಮಗಳು ಹಾಸ್ಟೆಲಿನಲ್ಲಿದ್ದಳು. ಮಳೆಯಲ್ಲಿ ಕೊಂಕಣದ ರೈಲು ಹಾದಿ ನೋಡಬೇಕೆಂಬುದು ಯಜಮಾನರ ಬಹಳ ದಿನದ ಆಸೆ. ರೈಲ್ವೆಯ ಪಾಸ್ ಇತ್ತು. ಮಧ್ಯಾಹ್ನ ನಾಗಪುರದಲ್ಲಿ ಹತ್ತಿದರೆ ಮರುದಿನ ಮಧ್ಯಾಹ್ನ ಕಡಲ ದಂಡೆ. ಅಲ್ಲಿ ಎರಡು ದಿನ ಇದ್ದು ವಾಪಸು ಬರುವುದು, ಅಷ್ಟೇ. ನಾನು ಆ ಕಡೆ ಹುಟ್ಟಾ ಕಾಲಿಟ್ಟವಳಲ್ಲ. ರೈಲು ಸುರಂಗ ಹೊಕ್ಕು ಹೊರಬಂದಾಗಲೆಲ್ಲ ಗುಡ್ಡದ ನೀರು ಕಿಟಕಿಗೆ ರಾಚುತ್ತಿತ್ತು. ಯಜಮಾನರು ಹೊಸ ಹುಡುಗನ ಹಾಗೆ, ಅಗೋ ನೋಡು, ಮಳೆಯಲ್ಲೇ ಹಳಿ ಕಾಯುತ್ತ ನಡೆಯುವವರು ಎಂದು ತೋರಿಸುತ್ತಿದ್ದರು. ಬಹಳ ವರ್ಷದ ಮೇಲೆ ಇಬ್ಬರೂ ಮನಸಾರೆ ಮಾತಾಡಿದ್ದೆವು. ಆ ಖುಷಿಯನ್ನು ಹಾಳು ಮಾಡಿದವರ ಮೇಲೆ ನನಗೆ ಇಂದಿಗೂ ಕೋಪವಿದೆ, ಆದರೆ ಅವರು ಯಾರೆಂದೇ ತಿಳಿಯದು.

ನಾವು ಇಳಿದುಕೊಂಡ ರೆಸಾರ್ಟ್ ಎಂದರೆ ದೊಡ್ಡದೇನಲ್ಲ. ಕೆಂಪು ಕಲ್ಲಿನ ಆರು ಕೋಣೆ, ಎದುರಿಗೆ ಗಾಳಿಮರದ ಸಾಲು, ಅದರಾಚೆ ಸಮುದ್ರ. ಮಳೆಗಾಲವಾದ್ದರಿಂದ ಬೇರೆ ಯಾರೂ ಇರಲಿಲ್ಲ. ಅರವತ್ತು ದಾಟಿದ ಮ್ಯಾನೇಜರ್ ಆಟೋದ ತನಕ ಬಂದ. ನನ್ನನ್ನು ನೋಡಿದವನೇ ಮುಖ ಅರಳಿಸಿ, ಅತ್ತಿಗೆಯೆಂದು ಕರೆಯುತ್ತ ಮರಾಠಿಯಲ್ಲಿ, "ಬನ್ನಿ ವಹಿನಿ. ಹೋದ ವರ್ಷದ ಆ ಕೊನೆಯ ಕೋಣೆಯನ್ನೇ ತೆರೆದುಕೊಡುತ್ತೇನೆ. ಈ ಸಲ ಸಾಹೇಬರನ್ನೂ ಕರೆತಂದಿರಿ, ಒಳ್ಳೆಯದಾಯಿತು" ಎಂದ.

ಯಜಮಾನರು ನಕ್ಕರು. ನಾನು, ನೀವು ಯಾರನ್ನೋ ನೋಡಿ ಯಾರೆಂದೋ ತಿಳಿದಿದ್ದೀರಿ ಎಂದೆ. ಅವನು ಒಪ್ಪಲಿಲ್ಲ. ಹೋದ ವರ್ಷ ಆಷಾಢ ಏಕಾದಶಿಯ ದಿನ ಇದೇ ಹೊತ್ತಿಗೆ ನೀವೊಬ್ಬರೇ ಬಂದಿರಿ, ಒಂದು ರಾತ್ರಿ ಇದ್ದಿರಿ, ಹೆಚ್ಚು ಮಾತಾಡಲಿಲ್ಲ ಎಂದ. ಅಷ್ಟರಲ್ಲಿ ಅವನ ಹೆಂಡತಿ ಅಡಿಗೆಮನೆಯಿಂದ ಬಂದಳು. ಅವಳೂ ನನ್ನನ್ನು ಗುರುತಿಸಿದಳು. ಉಪವಾಸವೆಂದು ಸಾಬೂದಾನಿ ಖಿಚಡಿ ಮಾಡಿಕೊಟ್ಟಿದ್ದೆ, ಶೇಂಗಾ ಹಾಕಬೇಡಿ ಅಂದಿದ್ದಿರಲ್ಲ ಎಂದಳು. ಯಜಮಾನರ ನಗು ಅಲ್ಲಿಗೆ ನಿಂತಿತು. ನನಗೆ ಚಿಕ್ಕಂದಿನಿಂದ ಶೇಂಗಾ ಆಗುವುದಿಲ್ಲ. ಶೇಂಗಾ ಇಲ್ಲದ ಖಿಚಡಿ ತಿನ್ನುವವಳು ಇಡೀ ಮಹಾರಾಷ್ಟ್ರದಲ್ಲಿ ನೀನೊಬ್ಬಳೇ ಎಂದು ಅವರೇ ಆಡಿಕೊಳ್ಳುತ್ತಿದ್ದರು.

ನಾನು ಬಾಯಿಗೆ ಬಂದ ಹಾಗೆ ಬೈದೆ. ಒಬ್ಬಳೇ ಹೆಂಗಸು ಬಂದಳೆಂದರೆ ಗುರುತಿನ ಚೀಟಿಯ ನಕಲು ಇಟ್ಟುಕೊಂಡಿರಬೇಕಲ್ಲ, ತೋರಿಸಿ ಎಂದೆ. ಮಳೆಗೆ ಝೆರಾಕ್ಸ್ ಅಂಗಡಿ ಮುಚ್ಚಿತ್ತು ಎಂದ. ಎಂಥ ಉತ್ತರ! ಆದರೆ ರಿಜಿಸ್ಟರ್ ತಂದು ತೆರೆದ. ಹೆಸರು, ಪ್ರತಾಪ ನಗರ, ನಾಗಪುರ, ಪಕ್ಕದಲ್ಲಿ ಕನ್ನಡದಲ್ಲಿ ಸಹಿ. ನಾನು ಎಲ್ಲಿಯೇ ಆಗಲಿ ಕನ್ನಡದಲ್ಲೇ ಸಹಿ ಮಾಡುವವಳು. ಅದು ನನ್ನ ಕೈಯ ಸಹಿ. ನಾನು ಪುಟ ನೋಡುತ್ತಿರುವಾಗಲೇ ಆ ಹೆಂಗಸು ಒಳಗಿನಿಂದ ಒಂದು ಕಪ್ಪು ಛತ್ರಿ ತಂದು, "ಮರೆತು ಹೋಗಿದ್ದಿರಿ, ಜೋಪಾನವಾಗಿ ಇಟ್ಟಿದ್ದೆ" ಎಂದಳು. ಅದರ ಪಟ್ಟಿಯ ಮೇಲೆ ಕೆಂಪು ದಾರದಲ್ಲಿ ೧೪ ಎಂದು ಹೊಲಿದಿತ್ತು.

ಯಜಮಾನರು ಛತ್ರಿ ಇಸಿದುಕೊಂಡು ಆ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದರು.

"ಆ ಏಕಾದಶಿಗೆ ನಾ ಟ್ರೇನಿಂಗಿಗೆ ಹೋಗಿದ್ದೆ ನೋಡು. ಮೂರು ದಿನ ನಿನ್ನ ಫೋನ್ ಹತ್ತಲೇ ಇಲ್ಲ."

"ಬಕೆಟ್‌ನ್ಯಾಗ ಬಿದ್ದಿತ್ತು, ರಿಪೇರಿಗೆ ಕೊಟ್ಟಿದ್ದೆ ಅಂತ ಆವಾಗ್ಲೇ ಹೇಳೀನಲ್ರೀ!"

"ಹೇಳಿದ್ದಿ," ಎಂದರು.

ಅಷ್ಟೇ. ಕೂಗಾಡಿದ್ದರೆ, ನೀನು ಯಾರ ಜೊತೆ ಬಂದಿದ್ದೆ ಎಂದು ಕೇಳಿದ್ದರೆ ನಾನು ಜಗಳವಾಡಿ ಗೆಲ್ಲುತ್ತಿದ್ದೆ. ಇಪ್ಪತ್ತನಾಲ್ಕು ವರ್ಷ ಸಂಸಾರ ಮಾಡಿದ ಗಂಡ ಬರೀ "ಹೇಳಿದ್ದಿ" ಎಂದರೆ ಹೆಂಗಸು ಏನು ಮಾಡಬೇಕು? ನಾನು ಮನೆಯಲ್ಲೇ ಇದ್ದೆ. ಏಕಾದಶಿಯ ದಿನ ಒಬ್ಬಳೇ ಖಿಚಡಿ ಮಾಡಿಕೊಂಡು ತಿಂದದ್ದು, ಮಧ್ಯಾಹ್ನ ಮಲಗಿದ್ದು ಎಲ್ಲ ನೆನಪಿದೆ. ಹಾಗೆಂದು ಹತ್ತು ಸಲ ಹೇಳಿದೆ. ಪ್ರತಿ ಸಲವೂ ಅವರು ಹೂಂ ಎಂದರು.

ಸಮುದ್ರ ನೋಡಲು ಹೋದವಳು ಎರಡು ದಿನ ಸಮುದ್ರಕ್ಕೆ ಬೆನ್ನು ಹಾಕಿ ಕುಳಿತೆ. ಸಂಜೆ ಒಮ್ಮೆ ಮಾತ್ರ, ಏನಾದರೂ ಗುರುತು ಹತ್ತುತ್ತದೆಯೇ ನೋಡೋಣವೆಂದು ದಂಡೆಯ ಉದ್ದಕ್ಕೂ ನಡೆದೆ. ಏನೂ ಹತ್ತಲಿಲ್ಲ. ಒಂದು ವಿಷಯ ಮುಚ್ಚಿಡುವುದಿಲ್ಲ. ಆ ಕೋಣೆಯ ಬಚ್ಚಲಿನ ಸ್ವಿಚ್ಚು ಹೊರಗೆ, ಕಪಾಟಿನ ಹಿಂದೆ ಕಾಣದ ಕಡೆ ಇತ್ತು. ಬಂದ ಮೊದಲ ದಿನವೇ ನನ್ನ ಕೈ ನೆಟ್ಟಗೆ ಅಲ್ಲಿಗೆ ಹೋಯಿತು. ಹಳೆಯ ಮನೆಗಳಲ್ಲಿ ಸ್ವಿಚ್ಚು ಹಾಗೇ ಇರುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹಾಗೆ ಇರುವುದಿಲ್ಲ.

ನಾಗಪುರದಲ್ಲಿ ಇಳಿದಾಗ ಯಜಮಾನರು ಎಂದಿನಂತೆ ಎಣಿಸಿದರು. "ಆರು ನಗ" ಎಂದರು. ಬರೋಬರ್ ಎನ್ನಲಿಲ್ಲ.

ಮನೆಗೆ ಬಂದವಳೇ ಕಪಾಟು ತೆಗೆದು ಎಲ್ಲ ಹೊರಗೆ ಹಾಕಿದೆ. ಹದಿಮೂರು ಒಂದು ಚಾದರ. ಹದಿನೈದು ಕೈಚೀಲ. ಹದಿನಾಲ್ಕು ಇಲ್ಲ. ಹದಿನಾಲ್ಕು ಯಾವುದಕ್ಕೆ ಹೊಲಿದಿದ್ದೆ ಎಂದು ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಆ ಏಕಾದಶಿಗೆ ನಾನು ಮನೆಯಲ್ಲಿದ್ದೆನೆಂದು ಹೇಳುವವರು ಯಾರಾದರೂ ಸಿಕ್ಕರೆ ನನ್ನ ಮಾತು ಉಳಿಯುತ್ತಿತ್ತು. ನೆರೆಯವರು ಆ ವಾರ ಪಂಢರಪುರಕ್ಕೆ ಹೋಗಿದ್ದರು. ದಿನಾ ಮನೆಯೊಳಗೆ ಬರುತ್ತಿದ್ದವಳು ಒಬ್ಬಳೇ. ಅಂದು ಅವಳಿಗೂ ನನ್ನ ಖಿಚಡಿ ಕೊಟ್ಟಿದ್ದೆ, ಶೇಂಗಾ ಇಲ್ಲವಲ್ಲ ಎಂದು ನಕ್ಕಿದ್ದಳು. ಸುಮನಬಾಯಿ.

ಅವಳು ಈಗ ಲಕ್ಷ್ಮೀ ನಗರದ ಒಂದು ಮನೆಯಲ್ಲಿ ಕೆಲಸಕ್ಕಿದ್ದಾಳೆಂದು ವಿಚಾರಿಸಿ ತಿಳಿದುಕೊಂಡು ಒಂದು ಬೆಳಿಗ್ಗೆ ಹೋದೆವು. ಯಜಮಾನರು ರಸ್ತೆಯ ಆಚೆ ಸ್ಕೂಟರಿನ ಹತ್ತಿರ ನಿಂತರು. ಗೇಟಿನ ಒಳಗೆ ನಿಂತೇ ಅವಳು ನಾನು ಹೇಳಿದ್ದನ್ನೆಲ್ಲ ಕೇಳಿದಳು. ಅವಳ ಮರಾಠಿಯನ್ನು ನಮ್ಮ ಮನೆಯ ಕನ್ನಡದಲ್ಲಿ ಬರೆಯುತ್ತೇನೆ.

"ಸುಳ್ಳುಗಾರ್ತಿ ಸಾಕ್ಷಿ ತಗೊಂಡು ಏನ್ ಮಾಡ್ತೀರಿ ವಹಿನಿ?"

ಕೈಮುಗಿದು ತಪ್ಪಾಯಿತು ಎಂದೆ. ಅದರಲ್ಲಿ ಅರ್ಧ ನಿಜವಾದ ಪಶ್ಚಾತ್ತಾಪ, ಇನ್ನರ್ಧ ನನ್ನ ಕೆಲಸ ಆಗಲಿ ಎಂಬುದು. ಅವಳಿಗೂ ಅದು ತಿಳಿಯಿತು. ಕೈ ಒರೆಸಿಕೊಂಡು ಹೇಳಿದಳು:

"ಏಕಾದಶಿಯಿಂದ ಮೂರು ದಿನ ನಿಮ್ಮ ಮನಿಗೆ ಬೀಗ ಇತ್ತು. ದಿನಾ ಬಂದು ನೋಡಿ ಹೋದೆ. ನಾಕನೇ ದಿನ ಎಲ್ಲಿ ಹೋಗಿದ್ರಿ ಅಂತ ಕೇಳಿದ್ರ, ಎಲ್ಲೀನೂ ಹೋಗಿಲ್ಲ ಅಂದ್ರಿ. ನಾ ಹೂಂ ಅಂದೆ."

"ಖಿಚಡಿ ಕೊಟ್ಟಿದ್ದೆನಲ್ಲ? ನೀ ನಕ್ಕಿದ್ದಿ!"

"ಅದು ಅದರ ಹಿಂದಿನ ವರ್ಷ."

ಸುಳ್ಳು ಎಂಬ ಮಾತು ತುಟಿಯ ತನಕ ಬಂತು. ನುಂಗಿಕೊಂಡೆ. ಅವಳು ಸೇಡು ತೀರಿಸಿಕೊಳ್ಳುತ್ತಿದ್ದಾಳೆಯೇ, ಇದ್ದದ್ದನ್ನೇ ಹೇಳುತ್ತಿದ್ದಾಳೆಯೇ? ಮುಖದಲ್ಲಿ ಗೆದ್ದ ಸಂತೋಷ ಒಂದಿಷ್ಟೂ ಇರಲಿಲ್ಲ. ಅವಳನ್ನು ಸುಳ್ಳುಗಾರ್ತಿ ಎನ್ನುವ ಹಕ್ಕನ್ನು ನಾನು ಬೇಸಿಗೆಯಲ್ಲೇ ಖರ್ಚು ಮಾಡಿ ಮುಗಿಸಿದ್ದೆ.

"ಕಳಮನಾದಾಗ ನಾ ಇರಲಿಲ್ಲ," ಎಂದಳು. "ನಿಮಗ ಹೇಳಿದ್ದೆ. ಈಗ ನೀವು ಹೇಳ್ರಿ."

"ನಾನೂ ಆ ಕಡಲ ದಂಡೆಗೆ ಹೋಗಿರಲಿಲ್ಲ, ಸುಮನಬಾಯಿ," ಎಂದೆ.

ಅವಳು ನನ್ನನ್ನು ಒಂದು ಕ್ಷಣ ನೋಡಿ "ಹೂಂ" ಎಂದಳು. ಆಮೇಲೆ ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದಳು.

ಏನಂದಳು ಎಂದು ಯಜಮಾನರು ಕೇಳಿದಾಗ ಇದ್ದದ್ದು ಇದ್ದ ಹಾಗೆ ಹೇಳಿದೆ. ಮನೆಗೆ ಬೀಗ ಇತ್ತಂತ ಎಂದೆ. "ಆತು ಬಿಡು, ಹತ್ತು" ಎಂದು ಸ್ಕೂಟರ್ ಚಾಲೂ ಮಾಡಿದರು. ಆ ವಾರವೇ ನಮ್ಮ ಓಣಿಯ ಆ ಎರಡು ಮನೆಗಳಿಗೆ ಹೋಗಿ, ಸುಮನಬಾಯಿಯ ವಿಷಯದಲ್ಲಿ ತಪ್ಪು ನನ್ನದು ಎಂದು ಹೇಳಿಬಂದೆ. ಈಗ ಬೇರೆಯವಳು ಬರುತ್ತಾಳೆ ಎಂದರು.

ಇದಾಗಿ ಕೆಲವು ವರ್ಷಗಳಾದವು. ಯಜಮಾನರು ಮತ್ತೆ ಆ ಮಾತು ಎತ್ತಿಲ್ಲ, ಅದಕ್ಕೂ ನನಗೆ ಸಿಟ್ಟಿದೆ. ಛತ್ರಿ ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿದೆ. ಎಂಥ ಮಳೆಯಿದ್ದರೂ ಇಬ್ಬರೂ ಅದನ್ನು ಮುಟ್ಟುವುದಿಲ್ಲ. ಆ ಏಕಾದಶಿಗೆ ನಾನು ಸಮುದ್ರದ ಕಡೆ ಹೋಗಿರಲಿಲ್ಲ. ಕಳಮನಾದಲ್ಲಿ ನಾನು ಕಂಡದ್ದು ಯಾರನ್ನು, ಆ ಕೋಣೆಯಲ್ಲಿ ಶೇಂಗಾ ಇಲ್ಲದ ಖಿಚಡಿ ತಿಂದವಳು ಯಾರು, ನನಗೆ ಗೊತ್ತಿಲ್ಲ. ಇಷ್ಟು ಓದಿದ ಮೇಲೆ ನೀವೂ ಹೂಂ ಎನ್ನುತ್ತೀರಿ. ಅದು ಯಾವ ಹೂಂ ಎಂಬುದು ನನಗೆ ಗೊತ್ತು. ಎಂಟು ವರ್ಷ ನನ್ನ ಮನೆಯ ಪಾತ್ರೆ ತೊಳೆದವಳು ಅದನ್ನು ನನಗೆ ಕಲಿಸಿದ್ದಾಳೆ.